ಪೆಟ್ಟು ಮತ್ತು ಪೆಟ್ಟಿಗೆ

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಪಡಸಾಲೆಯಲ್ಲಿ ಕುಳಿತಿದ್ದೆ. ಹಿಂದಿನ ಕೋಣೆಯಿಂದ ಮಗ ಬಂದವನೇ ನನ್ನ ಎರಡೂ ಕಿವಿಗೆ ದೊಡ್ಡದೊಂದು ಹೆಡ್‌ಫೋನ್ ಸಿಕ್ಕಿಸಿದ.

"ಅವ್ವಾ, ಬರೇ ನಾಕ ನಿಮಿಷ. ಕೇಳಿ ಹೇಳು, ಹೆಂಗ ಬಂದೈತಿ ಅಂತ."

ಡೊಳ್ಳಿನ ಹಾಡು. ಹಾಡುವವರ ಕಂಠ ಚೆನ್ನಾಗಿತ್ತು, ಮಾತು ಸ್ಪಷ್ಟವಾಗಿತ್ತು. ಹಿಂದೆ ಡ್ರಮ್ಮು ಜೋರಾಗಿ ಬಡಿಯುತ್ತಿತ್ತು. ನಾಲ್ಕು ನಿಮಿಷ ಮುಗಿಯುವಷ್ಟರಲ್ಲಿ ನನಗೆ ತಲೆ ಭಾರವಾಯಿತು.

"ಛಲೋ ಐತಿ ತಮ್ಮಾ. ಆದ್ರ ಜೀವ ಇಲ್ಲ" ಎಂದೆ.

ಅವನು ಸಿಟ್ಟಾಗಲಿಲ್ಲ. ನನ್ನ ಮುಂದಿದ್ದ ಉತ್ತರಪತ್ರಿಕೆಯನ್ನು ತೋರಿಸಿದ. "ಹುಡುಗರ ನಿಬಂಧಕ್ಕ ಹತ್ತಕ್ಕ ನಾಕ ಹಾಕಿದ್ರ, ಉಳಿದ ಆರು ಎಲ್ಲಿ ಹೋದುವು ಅಂತ ಪಕ್ಕದಾಗ ಬರೀತಿ ಇಲ್ಲೋ? ಬರೇ 'ಜೀವ ಇಲ್ಲ' ಅಂತ ಬರದ್ರ ಹುಡುಗಗ ಏನ ತಿಳೀತೈತಿ? ಇದಕ್ಕೂ ಪಕ್ಕದಾಗ ಬರಿ."

ಮೂವತ್ತು ವರ್ಷದ ಹತ್ತಿರ ಕನ್ನಡ ಪಾಠ ಮಾಡಿದವಳಿಗೆ ಇದಕ್ಕಿಂತ ಸರಿಯಾದ ಪೆಟ್ಟು ಬೀಳಲಾರದು. ಪುಸ್ತಕ ಓದಿ, ಭಾಷಣ ಕೇಳಿ, ನಾಟಕ ನೋಡಿ 'ಜೀವ ಇಲ್ಲ' ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಎಲ್ಲಿ ಇಲ್ಲ, ಯಾಕೆ ಇಲ್ಲ ಎಂದು ಯಾರೂ ಕೇಳುವುದಿಲ್ಲವಲ್ಲ. ಮಗ ಕೇಳಿದ. ಒಂದು ನೋಟ್‌ಬುಕ್ ತೆಗೆದುಕೊಂಡು ದಿನಕ್ಕೊಂದು ತಾಸಿನಂತೆ ಅವನ ಕೋಣೆಯಲ್ಲಿ ಕುಳಿತೆ. ಅಲ್ಲಿ ಬರೆದುಕೊಂಡದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಮ್ಮೂರು ಅಮೀನಗಡವನ್ನು ನೀವು ಕರದಂಟಿನಿಂದ ಬಲ್ಲಿರಿ, ಇಲ್ಲವೆ ಕುರಿ ಸಂತೆಯಿಂದ. ಇಲ್ಲಿ ಹಾಡು ಮುದ್ರಿಸುವ ಕೋಣೆಯೊಂದಿದೆಯೆಂದರೆ ಊರವರಿಗೇ ನಗು. ಮಗ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಎರಡು ವರ್ಷ ನೌಕರಿ ಮಾಡಿ, ಬಿಟ್ಟು ಬಂದವನು. ನಮ್ಮ ಅತ್ತೆಯವರು ಜೋಳದ ಚೀಲ ಒಟ್ಟುತ್ತಿದ್ದ ಹಿಂದಿನ ಕೋಣೆಗೆ ಒಂದು ಕಂಪ್ಯೂಟರು, ಎರಡು ಸ್ಪೀಕರು, ಮೂರು ಮೈಕು ಬಂದವು. ನನ್ನ ಟ್ರಂಕಿನಲ್ಲಿದ್ದ ಕೌದಿಗಳು ಒಂದೊಂದಾಗಿ ಗೋಡೆ ಏರಿದವು. ಕೌದಿಯಿಂದ ಸಣ್ಣ ದನಿಯ ಪ್ರತಿಧ್ವನಿ ಸತ್ತಿತು, ಆದರೆ ದಪ್ಪ ದನಿ ಅದಕ್ಕೆ ಬಗ್ಗಲಿಲ್ಲ. ದಪ್ಪ ದನಿಯ ಅಲೆ ಮೀಟರುಗಟ್ಟಲೆ ಉದ್ದ. ಅದನ್ನು ತಡೆಯಲು ಗೋಡೆಗೆ ಬಟ್ಟೆ ಸಾಲದು, ಮೂಲೆಯಲ್ಲಿ ದಪ್ಪನಾದ ಹತ್ತಿಯೋ ಉಣ್ಣೆಯೋ ತುಂಬಬೇಕು. ಕೊನೆಗೆ ಹಳೆಯ ಹಾಸಿಗೆಗಳೂ ಮೂಲೆ ಸೇರಿದವು.

ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ 'ಜೀವ ಇಲ್ಲ'ದಲ್ಲಿ ಸಿಟ್ಟೂ ಸೇರಿತ್ತು. ಈ ಹಾಡುಗಳಿಗೆ ಡೊಳ್ಳು ಬಾರಿಸಲು ನಮ್ಮ ಓಣಿಯ ಹಿರಿಯರೊಬ್ಬರಿಗೆ ಮಗ ಮಾತು ಕೊಟ್ಟಿದ್ದ. ಅವರ ಮಕ್ಕಳಿಬ್ಬರೂ ನನ್ನ ಕೈಯಲ್ಲಿ ಕಲಿತವರು. ನಾನು ಅವರನ್ನು ಕಾಕಾ ಎನ್ನುತ್ತೇನೆ, ಅವರು ನನ್ನನ್ನು ಅಕ್ಕಾರ ಎನ್ನುತ್ತಾರೆ. ಆಮೇಲೆ ಮಗ, 'ಡೊಳ್ಳಿನ ಮುದ್ರಣ ಕಷ್ಟ, ಕೋಣೆ ಸಣ್ಣದು, ಕಂಪ್ಯೂಟರಿನೊಳಗೇ ಡ್ರಮ್ ಐತಿ' ಎಂದು ಅವರನ್ನು ಬಿಟ್ಟ. ಕಾಕಾ ಒಂದು ಮಾತೂ ಆಡಲಿಲ್ಲ. ಆದರೆ ಸಂತೆಯಲ್ಲಿ ಎದುರಾದಾಗ ನನಗೇ ಮುಖ ಎತ್ತಲಾಗಲಿಲ್ಲ. ಇಂಥ ಸಿಟ್ಟು ಇಟ್ಟುಕೊಂಡು ಕೇಳಿದವಳ ವಿಮರ್ಶೆಯನ್ನು ಎಷ್ಟು ನಂಬಬೇಕು? ಆದ್ದರಿಂದಲೇ ಸಿಟ್ಟನ್ನು ಒಂದು ಕಡೆ ಇಟ್ಟು, ಕಿವಿಗೆ ಕೇಳಿದ್ದನ್ನು ಮಾತ್ರ ಬರೆಯಬೇಕೆಂದು ನಿಶ್ಚಯಿಸಿದೆ.

ಕಂಪ್ಯೂಟರಿನೊಳಗಿನ ಡ್ರಮ್ ಎಂದರೇನು? ನಾನೂ ಮೊದಲು ಅದೇನೋ ಯಂತ್ರವೇ ಹುಟ್ಟಿಸುವ ಸದ್ದು ಎಂದುಕೊಂಡಿದ್ದೆ. ಹಾಗಲ್ಲ. ಒಬ್ಬ ನಿಜವಾದ ವಾದಕನನ್ನು ಒಳ್ಳೆಯ ಕೋಣೆಯಲ್ಲಿ ಕೂಡಿಸಿ, ಸುತ್ತ ಹಲವು ಮೈಕು ಇಟ್ಟು, ಒಂದೊಂದೇ ಡ್ರಮ್ಮನ್ನು ಮೆಲ್ಲಗೆ, ನಡುಮಟ್ಟಕ್ಕೆ, ಜೋರಾಗಿ ನೂರಾರು ಸಲ ಬಾರಿಸಲು ಹೇಳಿ, ಪ್ರತಿ ಪೆಟ್ಟನ್ನೂ ಬೇರೆ ಬೇರೆಯಾಗಿ ಮುದ್ರಿಸಿ ಇಟ್ಟಿರುತ್ತಾರೆ. ಉಪ್ಪಿನಕಾಯಿ ಜಾಡಿಗಳನ್ನು ಮಾಡದಲ್ಲಿ ಸಾಲಾಗಿ ಇಟ್ಟ ಹಾಗೆ. ನಾವು ಕೀಲಿ ಒತ್ತಿದರೆ ಅದರಲ್ಲಿ ಒಂದು ಪೆಟ್ಟು ಹೊರಗೆ ಬರುತ್ತದೆ. ಅಮೆರಿಕದ ರೋಜರ್ ಲಿನ್ ಎಂಬಾತ 1980ರಲ್ಲಿ ತಂದ 'ಎಲ್‌ಎಂ-1' ಎಂಬ ಪೆಟ್ಟಿಗೆ, ನಿಜವಾದ ಡ್ರಮ್ಮಿನ ಸದ್ದನ್ನು ಅಂಕಿಗಳಾಗಿ ಹಿಡಿದಿಟ್ಟ ಮೊದಲ ತಾಳಯಂತ್ರ. ಅದರಲ್ಲಿ ಒಂದು ವಾದ್ಯಕ್ಕೆ ಒಂದೇ ಪೆಟ್ಟು. ನೆನಪಿನ ಚಿಪ್ಪು ಆಗ ತುಟ್ಟಿಯಾದ್ದರಿಂದ, ಬಹಳ ಹೊತ್ತು ಮೊಳಗುವ ದೊಡ್ಡ ತಾಳಕ್ಕೆ ಅದರಲ್ಲಿ ಜಾಗವೇ ಇರಲಿಲ್ಲ. ಈಗಿನ ತಂತ್ರಾಂಶಗಳಲ್ಲಿ ಒಂದೇ ಡ್ರಮ್ಮಿಗೆ ಹತ್ತಾರು ಮಟ್ಟದ ಪೆಟ್ಟುಗಳಿರುತ್ತವೆ. ಅಂದ ಮೇಲೆ ಅದರಲ್ಲಿರುವುದು ಮನುಷ್ಯನ ಕೈಯೇ. ಜೀವ ಇಲ್ಲವೆಂದರೆ ಅದು ಎಲ್ಲಿ ಕಳೆದುಹೋಯಿತು ಎಂದು ಹುಡುಕಬೇಕಾಯಿತು.

ನೋಟ್‌ಬುಕ್ಕಿನ ಮೊದಲ ಕೆಂಪು ಗೆರೆ: ಎಲ್ಲ ಪೆಟ್ಟೂ ಒಂದೇ.

ಅಕ್ಕಂದಿರೇ, ನೀವು ಮಲಗಿದ ಕೋಣೆಯಿಂದಲೇ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿರುವವರು ಯಾರೆಂದು ಹೇಳಬಲ್ಲಿರಿ, ಅಲ್ಲವೆ? ನಮ್ಮ ಅತ್ತೆಯವರ ಬಡಿತ ಬೇರೆ, ನನ್ನದು ಬೇರೆ. ಹಿಟ್ಟು ದಪ್ಪವಿರುವಾಗ ಕೈ ಭಾರ ಬೀಳುತ್ತದೆ, ರೊಟ್ಟಿ ಅಗಲವಾದಂತೆ ಹಗುರವಾಗುತ್ತದೆ, ಕೊನೆಗೆ ಅಂಚು ತಿರುಗಿಸುವಾಗ ಬೆರಳಷ್ಟೇ ಆಡುತ್ತವೆ. ಒಂದು ರೊಟ್ಟಿಯಲ್ಲಿ ಇಪ್ಪತ್ತು ಪೆಟ್ಟಿದ್ದರೆ ಇಪ್ಪತ್ತೂ ಬೇರೆ. ಎಲ್ಲ ಪೆಟ್ಟೂ ಒಂದೇ ಬಿಗಿಯಲ್ಲಿ ಬಿದ್ದರೆ ರೊಟ್ಟಿ ಹರಿಯುತ್ತದೆ.

ಇದನ್ನು ಹೇಳಿದಾಗ ಮಗ ಪರದೆಯ ಮೇಲೆ ಒಂದು ಪಟ್ಟಿ ತೆರೆದು ತೋರಿಸಿದ. ವಾದ್ಯ ಮತ್ತು ಕಂಪ್ಯೂಟರು ಮಾತಾಡಿಕೊಳ್ಳುವ 'ಮಿಡಿ' ಎಂಬ ಲಿಪಿ 1983ರಿಂದ ಬಳಕೆಯಲ್ಲಿದೆ. ಅದರಲ್ಲಿ ಪ್ರತಿ ಪೆಟ್ಟಿನ ಬಲಕ್ಕೆ 1ರಿಂದ 127ರವರೆಗೆ ಒಂದು ಅಂಕಿ. ಮಗನ ಹಾಡಿನಲ್ಲಿ ಎಲ್ಲವೂ 120ರ ಮೇಲೆ! ಜೋರು ಬೇಕೆಂದು ಎಲ್ಲಕ್ಕೂ ತುದಿಯ ಅಂಕಿ ಕೊಟ್ಟಿದ್ದ. ತಂತ್ರಾಂಶದಲ್ಲಿ ಹತ್ತಾರು ಜಾಡಿಗಳಿದ್ದರೂ ಅವನು ಕೊನೆಯ ಒಂದೇ ಜಾಡಿಯ ಮುಚ್ಚಳ ತೆಗೆಯುತ್ತಿದ್ದ. ಎಲ್ಲವೂ ಜೋರಾದರೆ ಯಾವುದೂ ಜೋರಲ್ಲ. ತರಗತಿಯಲ್ಲಿ ಇಡೀ ದಿನ ಕೂಗಾಡುವ ಮಾಸ್ತರರ ಮಾತಿಗೆ ಹುಡುಗರು ಬೆಲೆ ಕೊಡುವುದಿಲ್ಲ. ಮೆಲ್ಲಗೆ ಮಾತಾಡುವವರು ಒಮ್ಮೆ ದನಿ ಏರಿಸಿದರೆ ಕೊನೆಯ ಬೆಂಚೂ ಎದ್ದು ಕೂರುತ್ತದೆ.

ತಾಳದ ಮೊದಲ ಪೆಟ್ಟಿಗೆ 115, ನಡುವಿನವಕ್ಕೆ 70, 80, ತುಂಬಿಸುವ ಸಣ್ಣ ಪೆಟ್ಟುಗಳಿಗೆ 35, 40 ಎಂದು ಅವನು ಬದಲಿಸಿದ. ಎಲ್ಲ ಪೆಟ್ಟುಗಳನ್ನೂ ಗೆರೆಯ ಮೇಲೆ ಸರಿಯಾಗಿ ಕೂಡಿಸಿದ್ದನ್ನು ಸಡಿಲಿಸಿ, ಕೆಲವನ್ನು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಹಿಂದೆ ಮುಂದೆ ಸರಿಸಿದ. ಆದರೆ ತಾಳದ ಮೊದಲ ಪೆಟ್ಟನ್ನು ಅಲುಗಿಸಲಿಲ್ಲ. ಒಟ್ಟು ಸದ್ದು ಕಡಿಮೆಯಾಯಿತು. ಆದರೂ ಮೊದಲ ಪೆಟ್ಟು ಎದೆಗೆ ಬಿತ್ತು.

ಎರಡನೆಯ ಗೆರೆ: ಪೆಟ್ಟಿನ ತಲೆ ಹೋಗಿದೆ, ಬಾಲ ಉಳಿದಿದೆ.

ಚರ್ಮವಾದ್ಯದ ಸದ್ದಿನಲ್ಲಿ ಎರಡು ಭಾಗ. ಕೋಲು ಚರ್ಮಕ್ಕೆ ತಗುಲಿದ ಕ್ಷಣದ 'ಟಕ್', ಅದರ ಹಿಂದೆ ಬರುವ 'ಧೂಂ'. 'ಟಕ್' ಇರುವುದು ಸೆಕೆಂಡಿನ ಸಾವಿರ ಭಾಗದಲ್ಲಿ ಹತ್ತೋ ಇಪ್ಪತ್ತೋ ಭಾಗ ಮಾತ್ರ. ಕಿವಿ ಪೆಟ್ಟನ್ನು ಪೆಟ್ಟೆಂದು ಗುರುತಿಸುವುದು ಇದರಿಂದಲೇ. ಮಗ ಡ್ರಮ್ಮಿಗೆ 'ಕಂಪ್ರೆಸರ್' ಹಾಕಿದ್ದ. ಸದ್ದು ಒಂದು ಮಟ್ಟ ಮೀರಿದರೆ ಅದನ್ನು ಒತ್ತಿ ಹಿಡಿಯುವುದು ಅದರ ಕೆಲಸ. ಅವನ ಕಂಪ್ರೆಸರ್ ಸಾವಿರದ ಒಂದೇ ಭಾಗದಲ್ಲಿ ಎಚ್ಚತ್ತು ಒತ್ತುತ್ತಿತ್ತು. ಅಂದರೆ ಬಾಗಿಲಲ್ಲಿ ನಿಂತು, ಬಂದವರು ತಲೆ ಒಳಗೆ ಹಾಕಿದೊಡನೆ ಬಡಿಯುವ ಕಾವಲುಗಾರನಂತೆ. ಅದನ್ನು ಸಾವಿರದ 30 ಭಾಗಕ್ಕೆ ತಡವಾಗಿಸಿದಾಗ 'ಟಕ್' ಪೂರ್ತಿ ದಾಟಿಹೋಯಿತು, ಹಿಂದಿನ 'ಧೂಂ' ಮಾತ್ರ ಒತ್ತಿಗೆ ಸಿಕ್ಕಿತು. ಇನ್ನು ಆ ಒತ್ತು ಬಿಡುವುದು ಯಾವಾಗ? ನಿಮಿಷಕ್ಕೆ 120 ಎಣಿಕೆಯ ಲಯವಾದರೆ ಎಣಿಕೆಗೆ ಅರ್ಧ ಸೆಕೆಂಡು. ಎಣಿಕೆಯಲ್ಲಿ ನಾಲ್ಕು ಪೆಟ್ಟಿದ್ದರೆ ಒಂದಕ್ಕೆ ಸಾವಿರದ 125 ಭಾಗ. ಮುಂದಿನ ಪೆಟ್ಟು ಬರುವ ಮೊದಲು ಕೈ ಬಿಡದಿದ್ದರೆ ಅದು ಹುಟ್ಟುವಾಗಲೇ ಕುಗ್ಗಿರುತ್ತದೆ. ಈ ಲೆಕ್ಕವನ್ನು ನಾನೇ ನೋಟ್‌ಬುಕ್ಕಿನಲ್ಲಿ ಮಾಡಿಕೊಟ್ಟೆ. ಬಿ.ಎ. ಓದಿದವಳಿಗೆ ಭಾಗಾಕಾರ ಬರುತ್ತದೆಂದು ಮಗನಿಗೆ ಆಶ್ಚರ್ಯ!

ಮೂರನೆಯ ಗೆರೆ: ಕೆಳಗೆ ಗದ್ದಲ.

ಹಾಡಿನಲ್ಲಿ ಡ್ರಮ್ಮಿನ ದಪ್ಪ ದನಿ, ಕೀಬೋರ್ಡಿನ ದಪ್ಪ ದನಿ, ಹಾಡುವವರ ಎದೆಯ ದನಿ ಎಲ್ಲವೂ ಒಂದೇ ಬಾಗಿಲಲ್ಲಿ ನುಗ್ಗುತ್ತಿದ್ದವು. ದೊಡ್ಡ ಡ್ರಮ್ಮಿನ ಬುಡ ಇರುವುದು ಸೆಕೆಂಡಿಗೆ 50ರಿಂದ 100 ಕಂಪನಗಳ ನಡುವೆ. ಕೀಬೋರ್ಡಿನ ದಪ್ಪ ದನಿಯ ಮನೆಯೂ ಅಲ್ಲೇ. ಡ್ರಮ್ಮು ಬಿದ್ದಾಗಲೆಲ್ಲ ಕೀಬೋರ್ಡು ಒಂದು ಹೆಜ್ಜೆ ಹಿಂದೆ ಸರಿಯುವಂತೆ ಮಗ ಮಾಡಿದ. 300, 400ರ ಆಸುಪಾಸಿನಲ್ಲಿ ರಟ್ಟಿನ ಪೆಟ್ಟಿಗೆ ಬಡಿದಂತಹ ಸದ್ದೊಂದು ಇರುತ್ತದೆ. ಅದನ್ನು ಸ್ವಲ್ಪ ತಗ್ಗಿಸಿದ. ಕೋಲಿನ 'ಟಕ್' ಇರುವ 3000ದ ಸುತ್ತ ಸ್ವಲ್ಪ ಏರಿಸಿದ. ಕರದಂಟು ಮಾಡುವವರಿಗೆ ಇದು ತಿಳಿದ ಮಾತು. ಬೆಲ್ಲದ ಪಾಕ ಹೆಚ್ಚಾದರೆ ಅಂಟು, ಗೋಡಂಬಿ, ಉತ್ತತ್ತಿ ಎಲ್ಲ ಒಂದೇ ಮುದ್ದೆ. ಹಲ್ಲಿಗೆ ಒಂದೊಂದೂ ಬೇರೆಯಾಗಿ ಸಿಗಬೇಕು, ತುಂಡು ಮಾತ್ರ ಒಡೆಯಬಾರದು.

ಇಲ್ಲೇ ಇನ್ನೊಂದು ಸಂಗತಿ ತಿಳಿಯಿತು. ನಮ್ಮ ಕಡೆಯ ಜಾನಪದ ಹಾಡುಗಳನ್ನು ಈಗ ಎರಡು ಕಡೆ ಕೇಳುತ್ತಾರೆ: ಟ್ರ್ಯಾಕ್ಟರಿಗೆ ಕಟ್ಟಿದ ಡಿ.ಜೆ. ಪೆಟ್ಟಿಗೆಯಲ್ಲಿ, ಇಲ್ಲವೆ ಕೈಯಲ್ಲಿನ ಮೊಬೈಲಿನಲ್ಲಿ. ಮೊಬೈಲಿನ ಸಣ್ಣ ಸ್ಪೀಕರಿನಿಂದ 100ರ ಕೆಳಗಿನ ದನಿ ಹೊರಡುವುದೇ ಇಲ್ಲ ಎನ್ನಬಹುದು. ಅದರಲ್ಲಿ ಡ್ರಮ್ಮು ಕೇಳಿಸಬೇಕಾದರೆ 'ಟಕ್' ಬೇಕೇ ಬೇಕು. ಡಿ.ಜೆ.ಯಲ್ಲಾದರೆ ಬುಡವೇ ಎಲ್ಲವನ್ನೂ ನುಂಗುತ್ತದೆ. ಹಾಡನ್ನು ಕೋಣೆಯ ಸ್ಪೀಕರಿನಲ್ಲಷ್ಟೇ ಕೇಳಿ ಮುಗಿಸಿದವರು ಅರ್ಧ ಕೆಲಸ ಮಾಡಿದಂತೆ. ಅಂದಿನಿಂದ ಮಗ ನನ್ನ ಹಳೆಯ ಮೊಬೈಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಒಗ್ಗರಣೆಯ ಸದ್ದಿನ ನಡುವೆ ಕೇಳುವುದನ್ನು ರೂಢಿಮಾಡಿಕೊಂಡ.

ನಾಲ್ಕನೆಯ ಗೆರೆ: ಜೋರು ಎಂಬ ಮೋಸ.

ಅವನು ಒಂದು ತಿದ್ದುಪಡಿ ಮಾಡಿ ಕೇಳಿಸುವನು, ನಾನು 'ಇದು ಛಲೋ' ಎನ್ನುವೆನು. ಮೂರು ದಿನ ಹೀಗೆ ನಡೆಯಿತು. ನಾಲ್ಕನೆಯ ದಿನ ನನಗೇ ಅನುಮಾನ ಬಂತು. ಪ್ರತಿ ಸಲವೂ ಹೊಸದು ಹಳೆಯದಕ್ಕಿಂತ ತುಸು ಜೋರಾಗಿರುತ್ತಿತ್ತು. ಮನುಷ್ಯರ ಕಿವಿಗೆ ತುಸು ಜೋರಾದದ್ದೇ ಚೆಂದ ಕೇಳಿಸುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಯಾವುದು ಯಾವುದೆಂದು ಹೇಳದೆ ಕೇಳಿಸು ಎಂದೆ. ನನ್ನ 'ಛಲೋ'ಗಳಲ್ಲಿ ಅರ್ಧ ಉದುರಿಹೋದವು! ಅವನು ಸುರಿದಿದ್ದ ಪ್ರತಿಧ್ವನಿಯೂ ಹೀಗೆಯೇ ಸಿಕ್ಕಿಬಿತ್ತು. ಡ್ರಮ್ಮು ದೊಡ್ಡದಾಗಿ ಕೇಳಲಿ ಎಂದು ಹಾಕಿದ್ದು ಅದನ್ನು ದೂರ ಸರಿಸಿತ್ತು. ಗುಡಿಯ ಒಳಗೆ ಬಾರಿಸಿದ್ದನ್ನು ಅಗಸೆಯಲ್ಲಿ ನಿಂತು ಕೇಳಿದ ಹಾಗೆ. ಸಹೃದಯರೆಂದು ನಮ್ಮನ್ನು ನಾವೇ ಕರೆದುಕೊಳ್ಳುವವರಿಗೆ ಇಂಥ ಪರೀಕ್ಷೆ ಆಗಾಗ ಆಗಬೇಕು. ಲೇಖಕರ ಹೆಸರು ಮುಚ್ಚಿ ಕಥೆ ಓದಿದರೆ ನಮ್ಮ ಎಷ್ಟು ಮೆಚ್ಚಿಗೆ ಉಳಿಯುತ್ತದೋ!

ಹತ್ತು ದಿನಗಳಲ್ಲಿ ಆ ಡ್ರಮ್ಮು ನಿಜವಾಗಿಯೂ ಒಳ್ಳೆಯದಾಯಿತು. ಪೆಟ್ಟು ಬಿಗಿಯಾಗಿ, ಬಿಡಿಬಿಡಿಯಾಗಿ, ಎದೆಗೆ ತಾಗುವಂತೆ ಬಂತು. ಹತ್ತಕ್ಕೆ ಏಳು ಕೊಟ್ಟೆ. 'ಜೀವ ಇಲ್ಲ' ಎಂಬ ಮಾತನ್ನು ಹಿಂತೆಗೆದುಕೊಂಡೆ. ಪೆಟ್ಟಿಗೆಯೊಳಗೆ ಜೀವ ಇತ್ತು, ಬಳಸಿದವನು ಅದನ್ನು ಚಪ್ಪಟೆ ಮಾಡಿದ್ದ, ಅಷ್ಟೆ.

"ಉಳಿದ ಮೂರು?" ಎಂದ ಮಗ.

"ಅದು ಡೊಳ್ಳಲ್ಲ" ಎಂದೆ.

ಇದು ತಂತ್ರದ ತಪ್ಪಲ್ಲ, ಆದರೂ ತಪ್ಪೇ. ಆ ತಂತ್ರಾಂಶದಲ್ಲಿದ್ದದ್ದು ಪಾಶ್ಚಾತ್ಯ ಡ್ರಮ್ಮು. ಬೇರೆ ಸಂಗ್ರಹಗಳಲ್ಲಿ ಮಗ ಹುಡುಕಿದಾಗ ತಬಲಾ ಸಿಕ್ಕಿತು, ಢೋಲಕ್ ಸಿಕ್ಕಿತು, ನಮ್ಮ ಕಡೆಯ ಡೊಳ್ಳಾಗಲಿ ಹಲಗೆಯಾಗಲಿ ಕರಡಿಯಾಗಲಿ ಅವನಿಗೆ ಸಿಗಲಿಲ್ಲ. ಬೀರೇಶ್ವರನ ಹಾಡಿಗೆ ಆ ಡ್ರಮ್ಮು ಹೊಂದುತ್ತಿತ್ತು, ಆದರೆ ಬೀಗರ ಹಾಗೆ ಹೊಂದುತ್ತಿತ್ತು, ಮನೆಯವರ ಹಾಗಲ್ಲ.

ಚರ್ಮವಾದ್ಯಗಳೆಲ್ಲ ಒಂದೇ ಎನ್ನುವವರು ಸಿ.ವಿ. ರಾಮನ್‌ರನ್ನು ನೆನೆಯಬೇಕು. ಬೆಳಕಿನ ಶೋಧಕ್ಕೆ 1930ರಲ್ಲಿ ನೊಬೆಲ್ ಪಡೆದ ಅವರು ಅದಕ್ಕೂ ಮೊದಲೇ, 1920ರಲ್ಲಿ, ಶಿವಕಾಳಿ ಕುಮಾರ್ ಅವರೊಂದಿಗೆ ನಮ್ಮ ತಾಳವಾದ್ಯಗಳ ಬಗ್ಗೆ ಬರೆದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಮತ್ತೆ ವಿವರವಾಗಿ ಬರೆದರು. ಬರಿಯ ಚರ್ಮ ಬಿಗಿದ ವಾದ್ಯದ ಉಪದನಿಗಳು ಒಂದಕ್ಕೊಂದು ಹೊಂದುವುದಿಲ್ಲ, ಅದರಿಂದ ಹೊರಡುವುದು ಸ್ವರಕ್ಕಿಂತ ಸದ್ದು. ಮೃದಂಗ, ತಬಲಾಗಳಲ್ಲಿ ಚರ್ಮದ ನಡುವೆ ಹಚ್ಚುವ ಕಪ್ಪು ಕರಣೆಯ ಭಾರದಿಂದ ಆ ಉಪದನಿಗಳು ತಂತಿವಾದ್ಯದ ಹಾಗೆ ಹೊಂದಿಕೊಂಡು ಸ್ವರವಾಗುತ್ತವೆ. ಇದು ರಾಮನ್ ತೋರಿಸಿದ್ದು. ಹಲಗೆಗೆ ಆ ಕಪ್ಪಿಲ್ಲ. ಬಾಗಲಕೋಟೆಯ ಹೋಳಿಯಲ್ಲಿ ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿದ ಹಲಗೆಯ ಸದ್ದು ಸ್ವರ ಆಗಲಿಕ್ಕೆ ಬಂದದ್ದಲ್ಲ, ಬೀದಿಯ ಆ ತುದಿಗೆ ಮುಟ್ಟಲಿಕ್ಕೆ ಬಂದದ್ದು. ಅದರ ಚೆಲುವನ್ನು ತಬಲಾದ ಅಳತೆಯಿಂದ ಅಳೆಯಬಾರದು. ಬಾದಾಮಿಯ ಮೊದಲನೆಯ ಗುಹೆಗೆ ಶಾಲೆಯ ಮಕ್ಕಳನ್ನು ಕರೆದೊಯ್ದಾಗಲೆಲ್ಲ ಎಲ್ಲರೂ ನಟರಾಜನ ಹದಿನೆಂಟು ಕೈ ಎಣಿಸುತ್ತಾರೆ. ಪಕ್ಕದಲ್ಲಿ ಚರ್ಮವಾದ್ಯ ನುಡಿಸುತ್ತಿರುವವನನ್ನು ನಾನು ಬೆರಳು ಮಾಡಿ ತೋರಿಸಬೇಕು. ಆರನೆಯ ಶತಮಾನದ ಶಿಲ್ಪಿ ಅವನನ್ನು ಮರೆಯಲಿಲ್ಲ. ಕುಣಿತಕ್ಕೆ ಅವನು ಬೇಕು.

ಮಗ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಕಾಕಾರ ಮನೆಗೆ ಹೋದ. ಕ್ಷಮೆ ಕೇಳಿದನೋ ಇಲ್ಲವೋ ನನಗೆ ಹೇಳಲಿಲ್ಲ. ಸಂಜೆಗೆ ಕಾಕಾ ಡೊಳ್ಳು ಹೊತ್ತುಕೊಂಡು ಬಂದರು. ಜೊತೆಗೆ ಮೊಮ್ಮಗ.

ಸಣ್ಣ ಕೋಣೆಯಲ್ಲಿ ಡೊಳ್ಳು ಗುಡುಗಿದರೆ ಹಾಸಿಗೆ ಕೌದಿ ಯಾವುದೂ ತಡೆಯಲಿಲ್ಲ. ಹಿತ್ತಲಿನ ದನದ ಕೊಟ್ಟಿಗೆ ಖಾಲಿ ಇತ್ತು, ಅಲ್ಲಿ ಕೂತೆವು. ಡೊಳ್ಳಿನ ಎರಡೂ ಮುಖಕ್ಕೆ ಒಂದೊಂದು ಮೈಕು. ಕೇಳಿದರೆ ವಿಚಿತ್ರ! ಒಂದೊಂದೇ ಮೈಕು ಚೆನ್ನಾಗಿದೆ, ಎರಡನ್ನೂ ಕೂಡಿಸಿದರೆ ಸದ್ದು ಸೊರಗುತ್ತದೆ. ಮಗ ಸ್ವಲ್ಪ ಹೊತ್ತು ಯೋಚಿಸಿ ಒಂದು ಗುಂಡಿ ಒತ್ತಿದ, ಡೊಳ್ಳು ಇದ್ದಕ್ಕಿದ್ದಂತೆ ಎದ್ದು ನಿಂತಿತು. ಒಂದು ಮುಖಕ್ಕೆ ಪೆಟ್ಟು ಬಿದ್ದು ಚರ್ಮ ಒಳಗೆ ಹೋದಾಗ ಇನ್ನೊಂದು ಮುಖದ ಚರ್ಮ ಹೊರಗೆ ಉಬ್ಬುತ್ತದೆ. ಒಂದು ಮೈಕು 'ಹೋಯಿತು' ಎಂದರೆ ಇನ್ನೊಂದು 'ಬಂತು' ಎನ್ನುತ್ತದೆ. ಎರಡನ್ನೂ ಕೂಡಿಸಿದರೆ ಒಂದನ್ನೊಂದು ಕಡಿದುಹಾಕುತ್ತವೆ. ಒಂದನ್ನು ತಿರುಗಿಸಿದರೆ ಇಬ್ಬರೂ ಒಂದೇ ಮಾತಾಡುತ್ತಾರೆ. ಸ್ವಲ್ಪ ದೂರದಲ್ಲಿ ಇಟ್ಟ ಮೂರನೆಯ ಮೈಕಿಗೆ ಸದ್ದು ತಡವಾಗಿ ಮುಟ್ಟುತ್ತದೆ, ಒಂದು ಮೀಟರಿಗೆ ಸಾವಿರದ ಮೂರು ಭಾಗದಷ್ಟು. ಕೊಟ್ಟಿಗೆಯ ಗಾಳಿ ಅದರಲ್ಲಿ ಸಿಕ್ಕಿತು. ಅಂಗಡಿಯಲ್ಲಿ ಕೊಂಡ ಯಾವ ಪ್ರತಿಧ್ವನಿಯೂ ಅದರ ಸಮ ಬರಲಿಲ್ಲ.

ಹಾಡಿಗೆ ಬೇಕಾದಷ್ಟು ಬಾರಿಸಿಯಾದ ಮೇಲೆ ಮಗ ಇನ್ನೊಂದು ಕೇಳಿದ. "ಮುತ್ಯಾ, ಒಂದೊಂದ ಪೆಟ್ಟ ಹಾಕ್ರಿ. ಮೊದಲ ಮೆಲ್ಲಕ, ಆಮ್ಯಾಲ ಸ್ವಲ್ಪ ಜೋರ, ಹಂಗ ಏರಸ್ಕೋತ ಹೋಗ್ರಿ." ಡೊಳ್ಳಿನ ಪೆಟ್ಟುಗಳನ್ನೂ ಜಾಡಿಯಲ್ಲಿ ಇಡಬೇಕೆಂದು ಅವನ ಆಸೆ.

ಕಾಕಾ ಒಂದು ಪೆಟ್ಟು ಹಾಕಿ ನಿಲ್ಲಿಸಿದರು. ಇನ್ನೊಂದು ಹಾಕಿ ನಿಲ್ಲಿಸಿದರು. ನನ್ನ ಕಡೆ ನೋಡಿ ನಕ್ಕರು. "ಅಕ್ಕಾರ, ಒಂದೊಂದ ಅಕ್ಷರ ಬಿಡಿಸಿ ಹೇಳ್ರಿ ಅಂದ್ರ ನಿಮಗ ಹಾಡ ಬರತೈತೇನ್ರಿ? ಗತ್ತಿನ್ಯಾಗ ಬಂದ್ರ ಕೈ ತಾನ ಬೀಳತೈತಿ. ಹಿಂಗಾದ್ರ ನಾ ಬಡಿಯೂದು, ಕೈ ಬಡಿಯೂದಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ಆ ಬಿಡಿ ಪೆಟ್ಟುಗಳನ್ನು ಕೇಳಿದೆ, ಬಿಗಿದುಕೊಂಡ ಭುಜದ ಪೆಟ್ಟುಗಳು. ಕೊನೆಗೆ, ನಿಧಾನವಾದ ಗತ್ತಿನಲ್ಲಿ, ಪೆಟ್ಟಿನ ಮೊಳಗು ಮುಗಿದ ಮೇಲೆ ಇನ್ನೊಂದು ಬೀಳುವಂತೆ ಅವರು ಬಾರಿಸಿದರು. ಮಗ ಅದರೊಳಗಿಂದ ಪೆಟ್ಟುಗಳನ್ನು ಬಿಡಿಸಿಕೊಂಡ. ಒಂದು ತಾಸಿಗೆ ಅವರ ಬಲಭುಜ ಸೋತಿತು. ಎರಡು ವರ್ಷದಿಂದ ಆ ಭುಜ ನೋವೆಂದು ಆಗಲೇ ನಮಗೆ ಗೊತ್ತಾದದ್ದು. ತುಂಬ ಜೋರಿನ ಪೆಟ್ಟುಗಳು ಹೆಚ್ಚು ಸಿಗಲಿಲ್ಲ.

ಚಹಾ ಕುಡಿಯುವಾಗ ಕಾಕಾ ಕೇಳಿದರು: "ತಮ್ಮಾ, ನಾ ಹ್ವಾದ ಮ್ಯಾಲೂ ಇದು ಬಡೀತೈತೇನ?"

"ಬಡೀತೈತ್ರಿ ಮುತ್ಯಾ."

"ಮತ್ತ ಯಾರ್ಯಾರ ಹಾಡಿಗೆಲ್ಲ?"

ಮಗ ಸುಮ್ಮನಾದ. ಒಂದು ದಿನದ ಸಂಭಾವನೆ ಕೊಡುವುದೆಂದು ಅವನ ಲೆಕ್ಕ. ಅಂದು ರಾತ್ರಿ ತಾಯಿ ಮಗನಿಗೆ ದೊಡ್ಡ ಜಗಳ. ಹಾಡಿಗೆ ಒಂದು ದಿನದ ಕೂಲಿ ಸರಿ, ಆದರೆ ಪೆಟ್ಟುಗಳನ್ನೇ ಕೊಂಡುಕೊಂಡರೆ ಆ ಮನುಷ್ಯನ ಮುಂದಿನ ಎಲ್ಲ ದಿನಗಳನ್ನೂ ಕೊಂಡ ಹಾಗಲ್ಲವೆ ಎಂದು ನಾನು. ಲೋಕದಲ್ಲೆಲ್ಲ ಹೀಗೇ ನಡೆಯುತ್ತದೆ, ಒಮ್ಮೆ ಕೊಟ್ಟು ಮುಗಿಸುತ್ತಾರೆ, ನನಗೇ ಇನ್ನೂ ಗಳಿಕೆಯಿಲ್ಲ ಎಂದು ಅವನು. ಅವನದೂ ಸುಳ್ಳಲ್ಲ. ಕೋಣೆಯ ಸಾಲ ಇನ್ನೂ ತೀರಿರಲಿಲ್ಲ. ಮರುದಿನ ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಬರೆದೆವು: ಈ ಪೆಟ್ಟುಗಳನ್ನು ಬಳಸಿದ ಪ್ರತಿ ಹಾಡಿನಲ್ಲಿ ಕಾಕಾರ ಹೆಸರಿರಬೇಕು, ಪ್ರತಿ ಹಾಡಿಗೂ ಇಷ್ಟು ಹಣ ಅವರಿಗೆ, ಅವರ ನಂತರ ಮೊಮ್ಮಗನಿಗೆ. ಕಾಕಾರಿಗೆ ಎರಡು ಸಲ ಓದಿ ಹೇಳಿದೆ. ಮೊತ್ತ ಸಣ್ಣದು, ಬರೆಯಲು ನಾಚಿಕೆ. ಆದರೆ ಹಾಳೆಯಲ್ಲಿ ಇದೆ.

ಇಷ್ಟೆಲ್ಲ ಮಾಡಿ ಹಾಡುಗಳನ್ನು ಮೇಳದ ಮುಖ್ಯಸ್ಥರಿಗೆ ಕೇಳಿಸಿದಾಗ ಅವರು ಏನೆಂದರು ಗೊತ್ತೆ? "ಮೊದಲಿಂದ ಛಲೋ ಇತ್ತಲ್ಲ? ಡಿ.ಜೆ.ಗೆ ಅದ ಬೇಕ." ನನ್ನ ಹತ್ತಕ್ಕೆ ನಾಲ್ಕು ಅವರಿಗೆ ಹತ್ತಕ್ಕೆ ಹತ್ತು! ಮಗ ಎರಡನ್ನೂ ಕೊಟ್ಟ. ಜಾತ್ರೆಯಲ್ಲಿ ಟ್ರ್ಯಾಕ್ಟರಿನ ಮೇಲೆ ಮೊರೆದದ್ದು ಹಳೆಯದೇ. ವಿಮರ್ಶಕರ ಮಾತನ್ನು ಜನ ಕೇಳುವುದಿಲ್ಲವೆಂದು ನಾನೇನೂ ಕೊರಗಲಿಲ್ಲ. ಕುಣಿಯುವ ಹುಡುಗರಿಗೆ ಬೇಕಾದದ್ದು ಬೇರೆ ಇರಬಹುದು. ಆದರೆ ನಮ್ಮ ಓಣಿಯ ಹೆಣ್ಣುಮಕ್ಕಳು ಮೊಬೈಲಿನಲ್ಲಿ ಕೇಳುತ್ತಿರುವುದು ಹೊಸದನ್ನು. ಅದರಲ್ಲಿ ಹಾಡಿನ ಮಾತು ತಿಳಿಯುತ್ತದಂತೆ.

ಮೊನ್ನೆ ಕಾಕಾ ಬಂದಿದ್ದರು. ಅವರ ಪೆಟ್ಟುಗಳಿಂದಲೇ ಕಟ್ಟಿದ ಇನ್ನೊಂದು ಹಾಡನ್ನು ಮಗ ಕೇಳಿಸಿದ. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ಕೈ ಎತ್ತಿದರು.

"ಇದು ನಂದಲ್ಲ."

"ನಿಮ್ದ ಐತಲ್ರಿ ಮುತ್ಯಾ, ಎಲ್ಲಾ ನಿಮ್ವ."

"ಅಲ್ಲ. ಈ ದೊಡ್ಡ ಪೆಟ್ಟ ನಂದಲ್ಲ."

ಮಗ ತಲೆ ತಗ್ಗಿಸಿದ. ಜೋರಿನ ಪೆಟ್ಟು ಸಾಲದೆ ಬಂದಾಗ, ಮೆಲ್ಲನೆಯ ಪೆಟ್ಟೊಂದನ್ನು ಎತ್ತಿ ದೊಡ್ಡದು ಮಾಡಿ ಅಲ್ಲಿ ಇಟ್ಟಿದ್ದ. ಗಟ್ಟಿಯಾಗಿ ಹೊಡೆದಾಗ ಚರ್ಮ ಇನ್ನಷ್ಟು ಬಿಗಿದುಕೊಂಡು ಮೊದಲ ಗಳಿಗೆ ದನಿ ತುಸು ಏರುತ್ತದೆ, ಮೇಲಿನ ಉಪದನಿಗಳು ಏಳುತ್ತವೆ. ಮೆಲ್ಲಗೆ ಹೊಡೆದದ್ದನ್ನು ಎಷ್ಟು ಹಿಗ್ಗಿಸಿದರೂ ಅವು ಬರುವುದಿಲ್ಲ. ಇದನ್ನು ಮಗ ಪುಸ್ತಕದಿಂದ ಬಲ್ಲ. ಹತ್ತು ದಿನ ಕಿವಿ ತಿದ್ದಿಕೊಂಡ ನಾನೂ ಅದೇ ಹಾಡನ್ನು ಕೇಳಿದ್ದೆ, ನನಗೆ ಗೊತ್ತಾಗಿರಲಿಲ್ಲ.

ಕಾಕಾ ಎದ್ದು ಡೊಳ್ಳು ತರಲು ಮೊಮ್ಮಗನನ್ನು ಕಳಿಸಿದರು. ಭುಜ ನೋಯುತ್ತದಲ್ಲ ಎಂದೆ. "ನಾಕ ಪೆಟ್ಟಿಗೆ ಏನಾಗತೈತ್ರಿ ಅಕ್ಕಾರ" ಎಂದರು. ನಾಲ್ಕು ಹಾಕಿದರು. ಐದನೆಯದನ್ನು ಗುಣಿ ಮೊಮ್ಮಗನ ಕೈಗೆ ಕೊಟ್ಟು ಹಾಕಿಸಿದರು. ಮಗ ಅದನ್ನೂ ಮುದ್ರಿಸಿಕೊಂಡ, ಬೇರೆ ಹೆಸರಿನಲ್ಲಿ.